ಐನೂರು ಕೊಟ್ಟರೆ ನೆಟ್ ಓಡುತ್ತದೆಯೇ?

“ನೆಟ್ ತುಂಬಾ ಸ್ಲೋ” ಎಂದು ಯಾರಾದರೂ ಗೊಣಗಿದರೆ ಪಕ್ಕದವರ ಮೊದಲ ಪ್ರಶ್ನೆ, “ಎಷ್ಟರ ಪ್ಯಾಕ್ ಹಾಕ್ಸಿದೀರಾ?” ಉತ್ತರ ಮುನ್ನೂರರ ಒಳಗಿದ್ದರೆ ರೋಗ ಪತ್ತೆಯಾದಂತೆಯೇ. “ಅದಕ್ಕೇ ಮತ್ತೆ! ದೊಡ್ಡದು ಹಾಕ್ಸಿ, ಆಮೇಲೆ ನೋಡಿ.” ಇಂಥ ವೈದ್ಯರು ಊರಿಗೊಬ್ಬರಲ್ಲ, ಮನೆಗೊಬ್ಬರಿದ್ದಾರೆ. ಎಂಜಿನಿಯರಿಂಗ್ ಓದಿದವರೂ ಈ ಸಾಲಿನಲ್ಲಿದ್ದಾರೆ ಎಂಬುದೇ ಸಂಕಟ.

ನಿಮ್ಮ ಪ್ರೀಪೇಯ್ಡ್ ಪ್ಯಾಕಿನ ವಿವರ ತೆಗೆದು ಓದಿ. ದಿನಕ್ಕೆ ಎಷ್ಟು ಜಿಬಿ, ಎಷ್ಟು ದಿನ, ಎಷ್ಟು ಎಸ್ಸೆಮ್ಮೆಸ್ ಎಂದಿರುತ್ತದೆ. ವೇಗ ಇಷ್ಟಿರುತ್ತದೆ ಎಂಬ ಮಾತು ಸಾಮಾನ್ಯವಾಗಿ ಎಲ್ಲಿಯೂ ಇರುವುದಿಲ್ಲ. ಕಾಣುವ ಒಂದೇ ವೇಗವೆಂದರೆ ದಿನದ ಕೋಟಾ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್. ಆ ವೇಗದಲ್ಲಿ ಒಂದು ಎಂಬಿಯ ಫೋಟೊ ಇಳಿಯಲು ಎರಡು ನಿಮಿಷದ ಮೇಲೆ ಬೇಕು. ಅಂದರೆ ಹೆಚ್ಚು ದುಡ್ಡು ಕೊಟ್ಟು ನೀವು ಕೊಳ್ಳುತ್ತಿರುವುದು ಹೆಚ್ಚು ಡೇಟಾ, ಹೆಚ್ಚು ದಿನ, ಜೊತೆಗೊಂದಿಷ್ಟು ಓಟಿಟಿ ಚಂದಾ. 25 ಕೆ.ಜಿ. ಬದಲು 50 ಕೆ.ಜಿ. ಅಕ್ಕಿ ಚೀಲ ತಂದರೆ ಅನ್ನ ಬೇಗ ಬೇಯುತ್ತದೆಯೇ?

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೆ ಎರಡು ಬೇರುಗಳಿವೆ. ಮನೆಯ ಫೈಬರ್ ಸಂಪರ್ಕವನ್ನು ನಿಜವಾಗಿಯೂ ವೇಗದ ಲೆಕ್ಕದಲ್ಲೇ ಮಾರುತ್ತಾರೆ. 30 ಎಂಬಿಪಿಎಸ್‌ಗೆ ಒಂದು ದರ, 100ಕ್ಕೆ ಇನ್ನೊಂದು. ಅದೇ ಲೆಕ್ಕವನ್ನು ಜನ ಮೊಬೈಲಿಗೂ ಹಚ್ಚುತ್ತಾರೆ. ಎರಡನೆಯದು ಇನ್ನೂ ಮೋಸದ್ದು. ಸಣ್ಣ ಪ್ಯಾಕಿನವನ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗಿ 64ಕ್ಕೆ ಇಳಿಯುತ್ತದೆ, ದೊಡ್ಡ ಪ್ಯಾಕಿನವನದು ರಾತ್ರಿವರೆಗೂ ಓಡುತ್ತದೆ. ಕಣ್ಣಾರೆ ಕಂಡದ್ದೇನೋ ನಿಜ, ಕಟ್ಟಿಕೊಂಡ ತೀರ್ಮಾನ ಮಾತ್ರ ತಪ್ಪು.

ಹೆಚ್ಚು ಕೊಟ್ಟವರಿಗೆ ಹೆಚ್ಚು ವೇಗ ಎಂದು ಕಂಪನಿಗಳು ಬಹಿರಂಗವಾಗಿ ಹೇಳಿಕೊಂಡದ್ದೂ ಉಂಟು. ಏರ್‌ಟೆಲ್ ‘ಪ್ಲಾಟಿನಂ’ ಹೆಸರಿನಲ್ಲಿ, ವೊಡಾಫೋನ್ ಐಡಿಯಾ ‘ರೆಡ್‌ಎಕ್ಸ್’ ಹೆಸರಿನಲ್ಲಿ ದುಬಾರಿ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಆದ್ಯತೆಯ 4ಜಿ ಎಂದು ಸಾರಿದವು. 2020ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಧ್ಯೆ ಬಂದು ಎರಡನ್ನೂ ತಡೆಹಿಡಿಯಲು ಹೇಳಿತು. ಉಳಿದವರ ಸೇವೆ ಇದರಿಂದ ಕುಸಿಯುವುದಿಲ್ಲವೇ ಎಂಬುದು ಅದರ ಪ್ರಶ್ನೆ. ವಿಷಯ ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ದುಬಾರಿ ಪ್ಯಾಕ್ ತಾನಾಗಿಯೇ ವೇಗ ಕೊಡುವಂತಿದ್ದರೆ ಇಷ್ಟೆಲ್ಲ ರಾದ್ಧಾಂತ ಯಾಕೆ ಬೇಕಿತ್ತು?

ಹಾಗಾದರೆ ವೇಗ ಯಾರ ಕೈಯಲ್ಲಿದೆ? ಟವರಿನ ಕೈಯಲ್ಲಿ. ಒಂದು ಟವರಿನ ಸಾಮರ್ಥ್ಯವನ್ನು ಆ ಹೊತ್ತಿನಲ್ಲಿ ಅದಕ್ಕೆ ಅಂಟಿಕೊಂಡವರೆಲ್ಲ ಹಂಚಿಕೊಳ್ಳಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಸಂಜೆ, ಮೈಸೂರಿನ ಜಂಬೂಸವಾರಿಯ ಮಧ್ಯಾಹ್ನ ಫೋನ್ ತೆಗೆದು ನೋಡಿ. ಗಿಜಿಗುಡುವ ಜನರ ನಡುವೆ ಮುನ್ನೂರರವನೂ ಒಂದೇ, ಸಾವಿರದವನೂ ಒಂದೇ. ತರಂಗಾಂತರದ ಪಾಲೂ ದೊಡ್ಡದು. 5ಜಿಯ ಅಬ್ಬರದ ವೇಗ ಬರುವುದು ಹೆಚ್ಚಾಗಿ 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳಿಂದ. ಅವು ದೂರ ಹೋಗವು, ದಪ್ಪ ಗೋಡೆಗೆ ಬೇಗ ಸೋಲುತ್ತವೆ. 700 ಮೆಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಹೊರುವ ಡೇಟಾ ಕಡಿಮೆ. 2022ರ ಹರಾಜಿನಲ್ಲಿ ಅದನ್ನು ಕೊಂಡದ್ದು ಜಿಯೋ ಒಂದೇ. ಮಲೆನಾಡಿನ ಗುಡ್ಡದ ಮರೆಯ ಮನೆಗೆ ಅಲೆಯೇ ತಲುಪದಿದ್ದರೆ ಎಷ್ಟು ರೀಚಾರ್ಜ್ ಮಾಡಿಸಿದರೂ ಗುಡ್ಡ ಪಕ್ಕಕ್ಕೆ ಸರಿಯುವುದಿಲ್ಲ.

ಎಳ್ಳಷ್ಟು ಸತ್ಯವೂ ಇದೆ ಅನ್ನಿ. 2024ರ ಜುಲೈನಲ್ಲಿ ದರ ಏರಿದಾಗ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದರ ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿದರು. ಜಿಯೋದಲ್ಲಿ ಆಗ 28 ದಿನದ 1.5 ಜಿಬಿ ಪ್ಯಾಕಿಗೆ 299 ರೂಪಾಯಿ, 2 ಜಿಬಿಗೆ 349. ಫೋನ್ 5ಜಿಯದ್ದಾಗಿದ್ದು, ನೀವಿರುವ ಕಡೆ 5ಜಿ ಇದ್ದರೆ ಆ ಐವತ್ತು ರೂಪಾಯಿಗೆ ಅರ್ಥವುಂಟು. ಆದರೆ ಆ ಒಂದು ಮೆಟ್ಟಿಲು ಹತ್ತಿದ ಮೇಲೆ 2 ಜಿಬಿಯವನಿಗೂ 3 ಜಿಬಿಯವನಿಗೂ ಸಿಗುವ 5ಜಿ ಅದೇ. 4ಜಿ ಫೋನ್ ಹಿಡಿದು ಅನ್‌ಲಿಮಿಟೆಡ್ 5ಜಿಗೆ ದುಡ್ಡು ಸುರಿಯುವವರಿಗೆ ಏನು ಹೇಳುವುದು?

ಅಷ್ಟಕ್ಕೂ ನಮಗೆ ಬೇಕಾದ ವೇಗ ಎಷ್ಟು? ಫೋನಿನಲ್ಲಿ ಒಳ್ಳೆಯ ಗುಣಮಟ್ಟದ ವಿಡಿಯೊ ನೋಡಲು 5 ಎಂಬಿಪಿಎಸ್ ಧಾರಾಳವಾಯಿತು. ಯುಪಿಐ ಪಾವತಿಗೆ ಬೇಕಾದ ಡೇಟಾ ಲೆಕ್ಕಕ್ಕೇ ಬರುವುದಿಲ್ಲ. 300 ಎಂಬಿಪಿಎಸ್ ಬಂತೆಂದು ಸ್ಪೀಡ್ ಟೆಸ್ಟಿನ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿದವರು ಆಮೇಲೆ ನೋಡುವುದು ಅದೇ ಅರ್ಧ ನಿಮಿಷದ ರೀಲ್ಸ್.

ಉಳಿದವನ್ನು ಬೇಗ ಮುಗಿಸೋಣ. 5ಜಿಗೆ ಸಿಮ್ ಬದಲಿಸಲೇಬೇಕು ಎಂಬುದು ಸುಳ್ಳು. ಜಿಯೋ, ಏರ್‌ಟೆಲ್‌ಗಳ 4ಜಿ ಸಿಮ್ಮೇ ಸಾಕು, ಬದಲಿಸಿಕೊಡುತ್ತೇವೆ ಎಂದು ಕರೆ ಮಾಡಿ ಓಟಿಪಿ ಕೇಳುವವನು ಕಳ್ಳ. ಸಿಗ್ನಲ್ ಕಡ್ಡಿ ನಾಲ್ಕಿದ್ದರೆ ವೇಗ ಜಾಸ್ತಿ ಎಂಬುದೂ ಸುಳ್ಳು. ಕಡ್ಡಿ ಹೇಳುವುದು ಅಲೆಯ ಬಲವನ್ನು, ಟವರಿನ ನೂಕುನುಗ್ಗಲನ್ನಲ್ಲ. ಇನ್ನು 5ಜಿಯಿಂದ ಕೊರೊನಾ ಹರಡಿತು ಎಂದು 2021ರಲ್ಲಿ ಹಂಚಿದವರಿಗೆ ಒಂದು ಮಾಹಿತಿ: ನಮ್ಮ ದೇಶದಲ್ಲಿ 5ಜಿ ಸೇವೆ ಉದ್ಘಾಟನೆಯಾದದ್ದೇ 2022ರ ಅಕ್ಟೋಬರ್ 1ರಂದು.

ಸಂತೆಯಲ್ಲಿ ಐದು ರೂಪಾಯಿಯ ಕೊತ್ತಂಬರಿ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡುವ ನಾವು ವರ್ಷಕ್ಕೆ ನಾಲ್ಕು ಸಾವಿರ ಕೊಡುವ ಸೇವೆಯ ಷರತ್ತನ್ನು ಒಮ್ಮೆಯೂ ಓದುವುದಿಲ್ಲ. 28 ದಿನದ ಪ್ಯಾಕನ್ನು ‘ತಿಂಗಳ ಪ್ಯಾಕ್’ ಎಂದು ಕರೆದು, ವರ್ಷಕ್ಕೆ ಹದಿಮೂರು ಸಲ ತೆತ್ತು, ಹನ್ನೆರಡೇ ಎಂದುಕೊಳ್ಳುತ್ತೇವೆ. ಡೇಟಾ ಇಲ್ಲದೆ ಕರೆ, ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಂದಿದೆ. ಆದರೂ ಬಟನ್ ಫೋನಿನ ಅಜ್ಜಿಗೆ ದಿನಕ್ಕೆ 2 ಜಿಬಿ ಹಾಕಿಸಿ ಕೃತಾರ್ಥರಾಗುವ ಮೊಮ್ಮಕ್ಕಳಿದ್ದಾರೆ. ಸರ್ಕಾರ ಮೂರು ತಿಂಗಳ ಉಚಿತ ರೀಚಾರ್ಜ್ ಕೊಡುತ್ತಿದೆ ಎಂಬ ಲಿಂಕ್ ಬಂದರೆ ಹತ್ತು ಗುಂಪಿಗೆ ದಾಟಿಸಿ, ಆಮೇಲೆ ನಿಜವೇ ಎಂದು ಕೇಳುವವರೂ ಇವರೇ. ಓದಲು ಬೇಸರ, ನಂಬಲು ಉತ್ಸಾಹ.

ವೇಗವೇ ಬೇಕೆಂದಿದ್ದರೆ ದಾರಿ ಬೇರೆ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಮನೆಯವರ ಫೋನುಗಳಲ್ಲಿ, ನೀವು ಹೆಚ್ಚು ಹೊತ್ತು ಕೂರುವ ಜಾಗದಲ್ಲೇ, ರಾತ್ರಿ ಒಂಬತ್ತರ ಹೊತ್ತಿಗೆ ವೇಗ ಅಳೆದು ನೋಡಿ. ಯಾವುದು ಮುಂದಿದೆಯೋ ಆ ಕಂಪನಿಗೆ ನಂಬರ್ ಪೋರ್ಟ್ ಮಾಡಿಸಿ. 2011ರಿಂದ ದೇಶದಾದ್ಯಂತ ಆ ಸೌಲಭ್ಯವಿದೆ. ಅಲ್ಲಿ ಹೋಗಿ ನಿಮಗೆ ಸಾಲುವಷ್ಟು ಸಣ್ಣ ಪ್ಯಾಕನ್ನೇ ಹಾಕಿಸಿ. “ದೊಡ್ಡದು ಹಾಕ್ಸಿ” ಎಂದು ಇನ್ನೊಮ್ಮೆ ಯಾರಾದರೂ ಬುದ್ಧಿ ಹೇಳಿದರೆ, ರೀಚಾರ್ಜ್ ದುಡ್ಡು ಅವರೇ ಕೊಡಲಿ.