ಲಿಖಿತವಾಗಿ ಕೊಡಿ ಸಾರ್!

2025ರ ಬಜೆಟ್ ದಿನ ಸ್ಟುಡಿಯೋದಲ್ಲಿ ನಾನೊಂದು ಗ್ರಾಫಿಕ್ಸ್ ಹಾಕಿಸಿದ್ದೆ. ವಿದೇಶಾಂಗ ಸಚಿವಾಲಯಕ್ಕೆ 20,516 ಕೋಟಿ ರೂಪಾಯಿ. ಅದರಲ್ಲಿ ಭೂತಾನ್ ಒಂದಕ್ಕೇ 2,150 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ. ಪರದೆ ಮೇಲೆ ಅಂಕಿ ಬಂದ ಕೂಡಲೇ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಅಂದುಬಿಟ್ಟೆ. ಆ ತುಣುಕು ವಾಟ್ಸಾಪ್‌ನಲ್ಲಿ ಚೆನ್ನಾಗಿಯೇ ಓಡಿತು.

ನಾಲ್ಕು ದಿನ ಬಿಟ್ಟು ಹಾಸನದಿಂದ ಒಂದು ಪತ್ರ. ಬರೆದವರು ನಿವೃತ್ತ ಆಡಿಟರ್. ದುಂಡಗಿನ ಅಕ್ಷರದಲ್ಲಿ ಮೂರೇ ಸಾಲು. ‘ಕೊಟ್ಟಿದ್ದು ಸರಿಯೋ ತಪ್ಪೋ ಆಮೇಲಿನ ಮಾತು. ಕೊಟ್ಟ ದುಡ್ಡು ಏನಾಯ್ತು ಅಂತ ಪಾರ್ಲಿಮೆಂಟಿನಲ್ಲಿ ಕೇಳೋರು ಯಾರು? ಅದನ್ನ ಹೇಳಿ ಸ್ವಾಮಿ.’

ನನಗೆ ಉತ್ತರ ಗೊತ್ತಿರಲಿಲ್ಲ. ಬೈಯೋದು ಸುಲಭ, ಲೆಕ್ಕ ಕೇಳೋದು ಕಷ್ಟ.

ಯೋಚನೆ ಮಾಡಿ ನೋಡಿ. ನಮ್ಮ ಬೀದಿಯ ರಸ್ತೆಗೆ ಕಳಪೆ ಡಾಂಬರು ಹಾಕಿದರೆ ಮೊದಲ ಮಳೆಗೇ ಗೊತ್ತಾಗುತ್ತೆ. ಕಾರ್ಪೊರೇಟರ್ ಮನೆ ಮುಂದೆ ಹೋಗಿ ಕೂಗಾಡಬಹುದು, ಮುಂದಿನ ಸಲ ಸೋಲಿಸಬಹುದು. ವಿದೇಶಕ್ಕೆ ಹೋದ ದುಡ್ಡು ಹಾಗಲ್ಲ. ತೆರಿಗೆ ಕಟ್ಟಿದವನ ಕಣ್ಣಿಗೆ ಕೆಲಸ ಕಾಣಲ್ಲ. ಕೆಲಸ ಕಾಣುವವನಿಗೆ ಇಲ್ಲಿ ಓಟಿಲ್ಲ. ನಡುವೆ ಇರುವುದು ಸಂಸತ್ತು ಮಾತ್ರ. ಅದು ಕೇಳದಿದ್ದರೆ ಕೇಳುವವರೇ ಇಲ್ಲ.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರಿಟನ್ನಿನ ಒಂದು ಹಳೇ ಹಗರಣ. ಅಣೆಕಟ್ಟು ಮಲೇಷ್ಯಾದ್ದು, ದುಡ್ಡು ಬ್ರಿಟಿಷರದ್ದು. ಹೆಸರು ಪೆರ್ಗಾವ್.

ಮಲೇಷ್ಯಾದ ಕೆಲಾಂತನ್ ರಾಜ್ಯದಲ್ಲಿ 600 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ. ಕಟ್ಟುವವರು ಬ್ರಿಟಿಷ್ ಕಂಪನಿಗಳು, ಅದಕ್ಕೆ ನೆರವು ಬ್ರಿಟನ್ನಿನ ವಿದೇಶಿ ನೆರವಿನ ಖಾತೆಯಿಂದ. ಅಂದಾಜು ವೆಚ್ಚ 31.6 ಕೋಟಿ ಪೌಂಡ್. 1989ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮಲೇಷ್ಯಾದ ಪ್ರಧಾನಿ ಮಹಾತಿರ್ ಅವರಿಗೆ ನೆರವು ಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳಿದರು. ಕೆಲವೇ ವಾರಗಳಲ್ಲಿ ಅಂದಾಜು 39.7 ಕೋಟಿಗೆ ಏರಿತು! ಕೊನೆಗೆ ಒಪ್ಪಂದವಾದದ್ದು 41.7 ಕೋಟಿಗೆ.

ಇಷ್ಟೇ ಆಗಿದ್ದರೆ ಇದು ಮಾಮೂಲಿ ಕಾಂಟ್ರಾಕ್ಟ್ ಕಥೆ. ನಮಗೇನೂ ಹೊಸದಲ್ಲ. ಆದರೆ ಹಿನ್ನೆಲೆಯಲ್ಲಿ ಇನ್ನೊಂದು ವ್ಯವಹಾರವಿತ್ತು. 1988ರ ಮಾರ್ಚ್‌ನಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವ ಜಾರ್ಜ್ ಯಂಗರ್ ಮಲೇಷ್ಯಾ ಜೊತೆ ಒಂದು ಪತ್ರಕ್ಕೆ ಸಹಿ ಹಾಕಿದ್ದರು. ನೀವು ನಮ್ಮಿಂದ ಶಸ್ತ್ರಾಸ್ತ್ರ ಕೊಂಡರೆ ಅದರ ಬೆಲೆಯ ಶೇ. 20ರಷ್ಟನ್ನು ನೆರವಾಗಿ ಕೊಡ್ತೀವಿ ಅನ್ನುವ ಅರ್ಥದ್ದು. ಸುಮಾರು 100 ಕೋಟಿ ಪೌಂಡ್‌ನ ಆಯುಧ ಅಂದರೆ 20 ಕೋಟಿ ಪೌಂಡ್ ನೆರವು. ಸೀರೆ ಕೊಂಡರೆ ರವಿಕೆ ಕಣ ಫ್ರೀ ಅಂತಾರಲ್ಲ, ಹಾಗೆ. ಹೀಗೆ ತಳುಕು ಹಾಕುವುದು ನಿಯಮಕ್ಕೆ ವಿರುದ್ಧ ಅಂತ ಆಮೇಲೆ ಎಚ್ಚರವಾಗಿ, ಅದೇ ಜೂನ್‌ನಲ್ಲಿ ‘ನೆರವಿಗೂ ಆಯುಧಕ್ಕೂ ಸಂಬಂಧವಿಲ್ಲ’ ಎಂದು ಕಾಗದ ಬರೆದರು. ಜೊತೆಯಲ್ಲೇ 20 ಕೋಟಿ ಪೌಂಡ್‌ವರೆಗೆ ನೆರವು ಕೊಡುವ ಇನ್ನೊಂದು ಕಾಗದವನ್ನೂ ಕಳಿಸಿದರು.

ಈಗ ಲೆಕ್ಕಕ್ಕೆ ಬರೋಣ. ಇಂಜಿನಿಯರಿಂಗ್‌ನಲ್ಲಿ ನಮಗೆ ಪವರ್ ಪ್ಲಾಂಟ್ ಎಕನಾಮಿಕ್ಸ್ ಅಂತ ಒಂದು ಅಧ್ಯಾಯವಿತ್ತು. ಹತ್ತು ಅಂಕ ಗ್ಯಾರಂಟಿ ಅಂತ ಬಾಯಿಪಾಠ ಮಾಡಿದ್ದೆ. ಅದರ ಸಾರ ಇಷ್ಟು: ಅಣೆಕಟ್ಟಿಗೆ ಮೊದಲೇ ದೊಡ್ಡ ಗಂಟು ಹಾಕಬೇಕು, ಆಮೇಲೆ ನೀರು ಪುಕ್ಕಟೆ. ಗ್ಯಾಸ್ ಟರ್ಬೈನ್ ಕಟ್ಟುವುದು ಅಗ್ಗ, ಆದರೆ ದಿನಾ ಇಂಧನ ಸುಡಬೇಕು. ಯಾವುದು ಲಾಭ ಅನ್ನುವುದು ಆ ಊರಲ್ಲಿ ಗ್ಯಾಸ್ ಏನು ಬೆಲೆಗೆ ಸಿಗುತ್ತೆ ಅನ್ನುವುದರ ಮೇಲೆ ನಿಂತಿದೆ. ಮಲೇಷ್ಯಾಕ್ಕೆ ತನ್ನದೇ ಸಮುದ್ರದಲ್ಲಿ ಗ್ಯಾಸ್ ಇತ್ತು. ಬ್ರಿಟನ್ನಿನ ನೆರವು ಇಲಾಖೆಯ ಅರ್ಥಶಾಸ್ತ್ರಜ್ಞರು 1990ರಲ್ಲಿ ಲೆಕ್ಕ ಹಾಕಿ, ಇದು ದುಬಾರಿ ವಿದ್ಯುತ್ ಅಂದರು. ಆಮೇಲೆ ಲೆಕ್ಕಪರಿಶೋಧನಾ ಕಚೇರಿ ಹೇಳಿದ ಪ್ರಕಾರ, 35 ವರ್ಷಗಳಲ್ಲಿ ಮಲೇಷ್ಯಾದ ಗ್ರಾಹಕರು 10 ಕೋಟಿ ಪೌಂಡ್‌ಗೂ ಹೆಚ್ಚು ಹಣವನ್ನು ವಿನಾಕಾರಣ ಕಟ್ಟಬೇಕಿತ್ತು. ನೆರವು ಅಂತ ಹೆಸರು, ಪಡೆದವರ ಕರೆಂಟ್ ಬಿಲ್ಲೇ ಜಾಸ್ತಿ!

(ನಮಗೂ ಇಂಥದ್ದೇ ಅನುಭವವಿದೆ. 1980ರ ದಶಕದಲ್ಲಿ ಬ್ರಿಟನ್ 6.5 ಕೋಟಿ ಪೌಂಡ್ ನೆರವು ಅಂತ ಕೊಟ್ಟು 21 ವೆಸ್ಟ್‌ಲ್ಯಾಂಡ್ ಹೆಲಿಕಾಪ್ಟರ್‌ಗಳನ್ನು ಭಾರತಕ್ಕೆ ಮಾರಿತು. ಎರಡು ಅಪಘಾತದಲ್ಲಿ ಜೀವಗಳು ಹೋದವು, 1991ರ ಹೊತ್ತಿಗೆ ಅಷ್ಟೂ ನೆಲ ಹಿಡಿದವು.)

ಕಥೆಯ ಮುಖ್ಯ ಮನುಷ್ಯ ಬರುವುದು ಈಗ. ಟಿಮ್ ಲ್ಯಾಂಕೆಸ್ಟರ್, ನೆರವು ಇಲಾಖೆಯ ಮುಖ್ಯ ಅಧಿಕಾರಿ. ಬ್ರಿಟನ್ನಿನಲ್ಲಿ ಪ್ರತಿ ಇಲಾಖೆಯ ಮುಖ್ಯ ಅಧಿಕಾರಿಯೇ ಆ ಇಲಾಖೆಯ ಅಕೌಂಟಿಂಗ್ ಆಫೀಸರ್. ಖರ್ಚಾದ ಪ್ರತಿ ಪೌಂಡಿಗೂ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಕೂತು ಉತ್ತರ ಹೇಳಬೇಕಾದವನು ಸಚಿವನಲ್ಲ, ಈತ. ‘ಮೇಲಿಂದ ಹೇಳಿದ್ರು ಸಾರ್, ಮಾಡಿದೆ’ ಅಂದರೆ ನಡೆಯಲ್ಲ. ಹಾಗಾಗಿ ನಿಯಮ ಅವನ ಕೈಗೆ ಒಂದು ಅಸ್ತ್ರವನ್ನೂ ಕೊಟ್ಟಿದೆ. ಖರ್ಚು ದಂಡ ಅನ್ನಿಸಿದರೆ ತನ್ನ ಆಕ್ಷೇಪವನ್ನು ಬರೆದಿಡಬಹುದು. ಆಮೇಲೂ ಆ ಕೆಲಸ ಆಗಲೇಬೇಕು ಅಂದರೆ ಸಚಿವರು ಲಿಖಿತ ನಿರ್ದೇಶನ ಕೊಡಬೇಕು.

ಲ್ಯಾಂಕೆಸ್ಟರ್ 1991ರಲ್ಲಿ ಅದನ್ನೇ ಮಾಡಿದರು. ಇದು ನೆರವಿನ ದುಡ್ಡಿನ ದುರುಪಯೋಗ, ನಾನು ಒಪ್ಪಲಾರೆ ಅಂತ ಬರೆದರು. ಥ್ಯಾಚರ್ ಆಗಲೇ ಕುರ್ಚಿ ಬಿಟ್ಟಾಗಿತ್ತು. ಹೊಸ ಪ್ರಧಾನಿ ಜಾನ್ ಮೇಜರ್ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂದರು. ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಲಿಖಿತ ನಿರ್ದೇಶನ ಕೊಟ್ಟರು. 23.4 ಕೋಟಿ ಪೌಂಡ್ ನೆರವು ಮಂಜೂರಾಯಿತು. ಅಧಿಕಾರಿ ಸೋತರು, ಅಣೆಕಟ್ಟು ಗೆದ್ದಿತು.

ಆದರೆ ಕಡತದಲ್ಲಿ ಆ ಕಾಗದ ಉಳಿಯಿತು ನೋಡಿ.

1993ರ ಅಕ್ಟೋಬರ್‌ನಲ್ಲಿ ಲೆಕ್ಕಪರಿಶೋಧನಾ ಕಚೇರಿಯ ವರದಿ ಹೊರಬಂತು. 1994ರ ಜನವರಿಯಲ್ಲಿ ಲ್ಯಾಂಕೆಸ್ಟರ್ ಲೆಕ್ಕಪತ್ರ ಸಮಿತಿ ಮುಂದೆ ಕೂತು ತಾನು ಆಕ್ಷೇಪಿಸಿದ್ದನ್ನು ಒಪ್ಪಿಕೊಂಡರು. ಪತ್ರಿಕೆಗಳು ಹಿಡಿದು ಜಗ್ಗಿದವು. ಮಹಾತಿರ್ ಎಷ್ಟು ಸಿಟ್ಟಾದರೆಂದರೆ ಬ್ರಿಟಿಷ್ ಕಂಪನಿಗಳಿಗೆ ಇನ್ನು ಮಲೇಷ್ಯಾದ ಸರ್ಕಾರಿ ಕಾಂಟ್ರಾಕ್ಟೇ ಇಲ್ಲ ಅಂದುಬಿಟ್ಟರು. ಆ ನಿಷೇಧ ತೆರವಾಗಿದ್ದು ಸೆಪ್ಟೆಂಬರ್‌ನಲ್ಲಿ. ಆಯುಧದ ತಳುಕನ್ನು ಕೆದಕಿದ್ದು ವಿದೇಶಾಂಗ ವ್ಯವಹಾರಗಳ ಸಮಿತಿ, ಅದರ ವರದಿ ಬಂದದ್ದು ಜುಲೈನಲ್ಲಿ.

ಇಷ್ಟಾದರೂ ಸಮಿತಿಗಳ ಕೈಲಿ ದುಡ್ಡು ನಿಲ್ಲಿಸಲು ಆಗಲಿಲ್ಲ. ಅವು ಪ್ರಶ್ನೆ ಕೇಳಬಹುದು, ಛೀಮಾರಿ ಹಾಕಬಹುದು, ಅಷ್ಟೇ. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ತಡೆದದ್ದು ಕೋರ್ಟು. ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್ ಎಂಬ ಸ್ವಯಂಸೇವಾ ಸಂಸ್ಥೆ ಹೈಕೋರ್ಟಿಗೆ ಹೋಯಿತು. ವಾದ ಸರಳ: 1980ರ ನೆರವು ಕಾನೂನು ಹೇಳುವುದು ಇನ್ನೊಂದು ದೇಶದ ಅಭಿವೃದ್ಧಿಗಾಗಿ ಹಣ ಕೊಡಬಹುದು ಅಂತ, ಆರ್ಥಿಕವಾಗಿ ದಂಡ ಎಂದು ಸರ್ಕಾರದ ಅಧಿಕಾರಿಯೇ ಬರೆದಿಟ್ಟ ಯೋಜನೆ ಅಭಿವೃದ್ಧಿ ಹೇಗಾಗುತ್ತೆ? 1994ರ ನವೆಂಬರ್ 10ರಂದು ನ್ಯಾಯಾಲಯ ಈ ನೆರವು ಕಾನೂನುಬಾಹಿರ ಎಂದಿತು. ನೆರವಿನ ಖಾತೆಯಿಂದ ಹೋಗುತ್ತಿದ್ದ ಹಣವನ್ನು ಸರ್ಕಾರ ಬೇರೆ ಖಾತೆಯಿಂದ ತುಂಬಿಸಬೇಕಾಯಿತು. ಅಣೆಕಟ್ಟನ್ನಂತೂ ಕಟ್ಟಿಯೇ ಕಟ್ಟಿದರು. 2002ರಲ್ಲಿ ಬಂದ ಹೊಸ ಕಾನೂನು, ನೆರವಿನ ಉದ್ದೇಶ ಬಡತನ ಕಡಿಮೆ ಮಾಡುವುದು ಎಂದು ಬರೆಯಿತು. ಈಗ ಅಲ್ಲಿ ಸಚಿವರ ಇಂಥ ನಿರ್ದೇಶನಗಳ ಪ್ರತಿ ಮಹಾಲೇಖಪಾಲರಿಗೂ ಲೆಕ್ಕಪತ್ರ ಸಮಿತಿಗೂ ಹೋಗುತ್ತೆ, ಸಾರ್ವಜನಿಕವಾಗಿ ಪ್ರಕಟವೂ ಆಗುತ್ತೆ.

ನಾನು ಈ ಕಥೆಯಿಂದ ತೆಗೆದುಕೊಂಡದ್ದು ಒಂದೇ. ಸಂಸತ್ತಿನ ಸಮಿತಿಗೆ ದಿವ್ಯದೃಷ್ಟಿ ಇಲ್ಲ. ಅದು ಕಾಗದ ಓದುತ್ತೆ. ಒಳಗಿನವನೊಬ್ಬ ‘ಬೇಡ’ ಅಂತ ಬರೆದಿಡದಿದ್ದರೆ ಲೆಕ್ಕಪರಿಶೋಧಕರಿಗೆ, ಸಂಸದರಿಗೆ, ಕೊನೆಗೆ ನ್ಯಾಯಾಧೀಶರಿಗೂ ಹಿಡಿಯಲು ತುದಿಯೇ ಸಿಗುತ್ತಿರಲಿಲ್ಲ.

ಇನ್ನು ನಮ್ಮದು. ನಾವೂ ಈಗ ಕೊಡುವ ದೇಶ. 1993ರಿಂದ ವಿದೇಶಾಂಗ ಸಚಿವಾಲಯದ ಬೇಡಿಕೆಗಳನ್ನು ಸಂಸತ್ತಿನ ಸ್ಥಾಯಿ ಸಮಿತಿ ಪ್ರತಿ ವರ್ಷ ಪರಿಶೀಲಿಸುತ್ತೆ, ಅಧಿಕಾರಿಗಳನ್ನು ಕರೆಸಿ ಕೇಳುತ್ತೆ, ವರದಿ ಕೊಡುತ್ತೆ. ಖರ್ಚಾದ ಮೇಲೆ ಸಿಎಜಿ ಮತ್ತು ಲೆಕ್ಕಪತ್ರ ಸಮಿತಿ. ಈ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು. ಸದನದೊಳಗೆ ಮಾತ್ರ ಬಹುತೇಕ ಸಚಿವಾಲಯಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಗಿಲೊಟಿನ್‌ನಲ್ಲಿ ಒಟ್ಟಿಗೆ ಪಾಸಾಗುತ್ತವೆ. ಗಲಾಟೆಯಲ್ಲಿ ಕಳೆದ ಒಂದು ಮಧ್ಯಾಹ್ನ ಸಾಕು, ಸಾವಿರಾರು ಕೋಟಿ ಮಂಜೂರು.

ನಾನು ಲೇವಡಿ ಮಾಡಿದ ಭೂತಾನ್‌ನಲ್ಲಿ ನಮ್ಮ ದುಡ್ಡಿನಿಂದ ಒಳ್ಳೇದೂ ಆಗಿದೆ. 720 ಮೆಗಾವಾಟ್‌ನ ಮಂಗದೇಛು ಯೋಜನೆ 2019ರಿಂದ ವಿದ್ಯುತ್ ಕೊಡುತ್ತಿದೆ, ಅದರಲ್ಲಿ ಭಾರತಕ್ಕೂ ಬರುತ್ತೆ. ಅದೇ ಭೂತಾನ್‌ನಲ್ಲಿ ಪುನಾತ್ಸಾಂಗ್‌ಛು-1 ಇದೆ. 1,200 ಮೆಗಾವಾಟ್, ಭಾರತದಿಂದ ಶೇ. 40 ಅನುದಾನ, ಶೇ. 60 ಸಾಲ. ಕೆಲಸ ಶುರುವಾಗಿದ್ದು 2008ರಲ್ಲಿ. 2013ರ ಜುಲೈನಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜಾರಿತು. ಮೂಲ ಅಂದಾಜು ಸುಮಾರು 3,515 ಕೋಟಿ ರೂಪಾಯಿ ಇದ್ದದ್ದು 9,375 ಕೋಟಿ ದಾಟಿತು. ಇದು ಪೆರ್ಗಾವ್ ಥರದ ಕಥೆಯಲ್ಲ, ಆಯುಧದ ಗಂಟು ಇಲ್ಲಿಲ್ಲ. ಆದರೆ ಆ ಜಾಗದ ಕಲ್ಲು ಮಣ್ಣಿನ ಬಗ್ಗೆ ಯಾರಾದರೂ ಇಂಜಿನಿಯರ್ ಮೊದಲೇ ಅನುಮಾನ ಪಟ್ಟಿದ್ದರೇ? ಪಟ್ಟಿದ್ದರೆ ಬರೆದಿಟ್ಟಿದ್ದರೇ? ಬಜೆಟ್ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಾನು ಕೇಳಿದ್ದು ಮಲ್ಲಿಗೆ ಹೂವಿನ ಬಗ್ಗೆ.

ಹಾಸನದ ಹಿರಿಯರಿಗೆ ಇದನ್ನೆಲ್ಲ ಬರೆದು, ಸ್ಥಾಯಿ ಸಮಿತಿಯ ವರದಿಯ ಒಂದು ಪ್ರಿಂಟ್ ತೆಗೆದು ಕಳಿಸಿದೆ. ಹದಿನೈದು ದಿನಕ್ಕೆ ಅದೇ ಪ್ರತಿ ವಾಪಸ್ ಬಂತು. ಪುಟಪುಟದಲ್ಲೂ ಪೆನ್ಸಿಲ್ ಗುರುತು, ಅಂಚಿನಲ್ಲಿ ಹನ್ನೊಂದು ಪ್ರಶ್ನೆ. ಮುಂದಿನ ಬಜೆಟ್ ದಿನದ ಫೈಲಿನಲ್ಲಿ ಅದನ್ನು ಮೇಲೆಯೇ ಇಟ್ಟಿದ್ದೇನೆ.