ಉಮೇದುವಾರಿಕೆಯ ವರ್ಷಗಳು

ಸಕಲೇಶಪುರದಿಂದ ಹೆತ್ತೂರು, ವಣಗೂರುಗಳ ಮೇಲೆ ಸುಬ್ರಹ್ಮಣ್ಯಕ್ಕೆ ಇಳಿಯುವ ಮಾರ್ಗದಲ್ಲಿ ಬಿಸಿಲೆಯೆಂಬ ಗ್ರಾಮವಿರುವುದಷ್ಟೆ. ಹೆಸರು ಬಿಸಿಲೆಯಾದರೂ ಆಷಾಢ ಶ್ರಾವಣಗಳಲ್ಲಿ ಅಲ್ಲಿ ಬಿಸಿಲನ್ನು ಕಾಣುವುದು ದುರ್ಲಭ. ಆ ಘಟ್ಟದ ಹಾದಿಯ ಒಂದೆಡೆಯಲ್ಲಿ ಗುರುತಿನ ಕಲ್ಲೊಂದನ್ನು ನೆಟ್ಟಿರುವರು. ಅದರ ಮೂಡಲಿಗೆ ಬಿದ್ದ ಮಳೆಯ ನೀರು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುವುದು. ಪಡುವಲಿಗೆ ಬಿದ್ದುದು ಕುಮಾರಧಾರೆಯನ್ನು ಹೊಕ್ಕು, ನೇತ್ರಾವತಿಯ ಮೂಲಕ ಅರಬೀ ಸಮುದ್ರಕ್ಕೆ ಸಲ್ಲುವುದು. ಪ್ರವಾಸಿಗಳು ಆ ಕಲ್ಲಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಸಂತೋಷದಿಂದ ಮುಂದುವರಿಯುವರು. ನಾವು ಕಳೆದ ಮಳೆಗಾಲದಲ್ಲಿ ಆ ದಾರಿಯಾಗಿ ಹೋದಾಗ ಕಂಡ ನೋಟ ಬೇರೆ.

ಕೊಡೆ ಹಿಡಿದ ಯುವಕನೊಬ್ಬನು ಆ ಎತ್ತರದಲ್ಲಿ ನಿಂತು ತನ್ನ ಮೊಬೈಲನ್ನು ಆಕಾಶಕ್ಕೆ ಎತ್ತಿ ಎತ್ತಿ ನೋಡುತ್ತಿದ್ದನು. ಹತ್ತಿರ ಹೋಗಿ ನೋಡಲು, ನಮ್ಮಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಓದಿದ ಹಳೆಯ ಶಿಷ್ಯ. ನಮಸ್ಕರಿಸಿ, "ಮೇಷ್ಟ್ರೇ, ಆಯ್ಕೆಯ ಪಟ್ಟಿ ಇಂದು ಬರುವುದೆಂದು ಹೇಳಿದ್ದರು. ಕೆಳಗೆ ಮನೆಯಲ್ಲಿ ಸಿಗ್ನಲು ಸಿಕ್ಕುವುದಿಲ್ಲ, ಅದಕ್ಕೆ ಇಲ್ಲಿಗೆ ಬಂದೆ," ಎಂದನು. ಪಟ್ಟಿ ಬಂದಿತೇ ಎಂದು ಕೇಳಿದೆವು. "ಇಲ್ಲ," ಎಂದನು. ಎಷ್ಟು ವರ್ಷಗಳಿಂದ ಈ ಪ್ರಯತ್ನವೆಂದು ಕೇಳಲು, "ಇದು ಹನ್ನೊಂದನೆಯದು," ಎಂದು ನಕ್ಕನು. ಆ ನಗುವನ್ನು ನೋಡಿ ನಮಗೆ ಮಾತು ಹೊರಡಲಿಲ್ಲ.

ನಮಗೆ ಮಾತು ಹೊರಡದಿದ್ದುದಕ್ಕೆ ಕಾರಣ ಉಂಟು. 2014ನೆಯ ಇಸವಿಯಲ್ಲಿ ಅವನು ಪದವಿ ಪಡೆದು ಬಂದಾಗ, ಕಾಫಿ ವ್ಯಾಪಾರಿಯೊಬ್ಬರು ತಮ್ಮ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಅವನನ್ನು ಕರೆದಿದ್ದರು. ಸಂಬಳ ಅಲ್ಪ. ತಂದೆಯವರಿಗೆ ಎರಡು ಎಕರೆ ಕಾಫಿ, ಅದರಲ್ಲಿ ಅರ್ಧ ಆನೆಗಳ ಪಾಲು. ತಂದೆ ಮಗ ಇಬ್ಬರೂ ನಮ್ಮ ಮನೆಗೆ ಬಂದು ಏನು ಮಾಡುವುದೆಂದು ಕೇಳಿದರು. "ಬುದ್ಧಿವಂತ ಹುಡುಗ, ಎರಡು ವರ್ಷ ಮನಸ್ಸಿಟ್ಟು ಓದಲಿ, ಸರ್ಕಾರದ ಹುದ್ದೆ ಕೈಗೆ ಬರುವುದು. ಮಂಡಿಯ ಚಾಕರಿ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ಹೇಳಿದವರು ನಾವು. ಮಂಡಿಯ ಚಾಕರಿ ಆ ವರ್ಷವೇ ಮತ್ತೊಬ್ಬನ ಪಾಲಾಯಿತು. ಸರ್ಕಾರದ ಹುದ್ದೆ ಇಂದಿಗೂ ಬರಲಿಲ್ಲ.

ಅವನು ಸೋಮಾರಿಯಾಗಿದ್ದರೆ ಈ ಲೇಖನಕ್ಕೆ ಅವಕಾಶವಿರಲಿಲ್ಲ. ಒಂದು ಪರೀಕ್ಷೆಗೆ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಿದನು. ಅದು ಎರಡು ಬಾರಿ ಮುಂದಕ್ಕೆ ಹೋಯಿತು. ಇನ್ನೊಂದರಲ್ಲಿ ತಾತ್ಕಾಲಿಕ ಪಟ್ಟಿಯಲ್ಲಿ ಹೆಸರು ಬಂದು, ಮನೆಯಲ್ಲಿ ಸತ್ಯನಾರಾಯಣ ಪೂಜೆಯೂ ಆಯಿತು. ಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಕೆಳಗಿಳಿದು ಬಂದಾಗ ಅವನ ಹೆಸರು ಅದರಲ್ಲಿರಲಿಲ್ಲ. ಮತ್ತೊಂದರಲ್ಲಿ ಅಲ್ಪ ಅಂಕಗಳಿಂದ ತಪ್ಪಿತು. ಅದು ಅವನ ಕುಂದೇ ಸರಿ, ಅವನೂ ಒಪ್ಪುವನು. ಯಾವ ಇಲಾಖೆಯೆಂಬುದು ಇಲ್ಲಿ ಅಪ್ರಸ್ತುತ. ಇಂತಹವನು ಒಬ್ಬನೇ ಆಗಿದ್ದರೆ ಅದೃಷ್ಟವೆಂದು ಸುಮ್ಮನಾಗಬಹುದಾಗಿತ್ತು. ಆದರೆ ಈಚಿನ ಹದಿನೈದು ವರ್ಷಗಳ ವೃತ್ತಾಂತವನ್ನು ನೋಡಿದರೆ ಇದು ನಾಡಿಗೆ ನಾಡೇ ಅನುಭವಿಸಿದ ಸಂಗತಿಯೆಂದು ತಿಳಿದುಬರುವುದು.

ಕರ್ನಾಟಕ ಲೋಕಸೇವಾ ಆಯೋಗವು 2011ನೆಯ ನವೆಂಬರಿನಲ್ಲಿ 362 ಗೆಜೆಟೆಡ್ ಪ್ರೊಬೇಷನರುಗಳ ಹುದ್ದೆಗಳಿಗೆ ಅರ್ಜಿಗಳನ್ನು ಕರೆಯಿತು. ಪರೀಕ್ಷೆಗಳು ನಡೆದುವು, 2013ರಲ್ಲಿ ಸಂದರ್ಶನಗಳೂ ಮುಗಿದುವು. ಅಷ್ಟರಲ್ಲಿ ಲಂಚದ ಆರೋಪ ಬಂದು, ಸಿ.ಐ.ಡಿ. ತನಿಖೆ ನಡೆಯಿತು. ಆಯ್ಕೆಯ ಪಟ್ಟಿ 2014ರಲ್ಲಿ ಹೊರಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರವು ಆ ನೇಮಕಾತಿಯನ್ನೇ ಕೈಬಿಟ್ಟಿತು. ಆಡಳಿತ ನ್ಯಾಯಮಂಡಳಿಯು 2016ರಲ್ಲಿ ಉಮೇದುವಾರರ ಪರವಾಗಿ ತೀರ್ಪಿತ್ತಿತು. ಉಚ್ಚ ನ್ಯಾಯಾಲಯವು 2018ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಕಡೆಗೆ 2022ರಲ್ಲಿ ವಿಧಾನಮಂಡಲವು ಆ ಆಯ್ಕೆಯನ್ನು ಊರ್ಜಿತಗೊಳಿಸಲೆಂದೇ ಒಂದು ಕಾನೂನು ಮಾಡಬೇಕಾಯಿತು. ಅರ್ಜಿ ಹಾಕಿದಂದು ತೊಟ್ಟಿಲಲ್ಲಿದ್ದ ಕೂಸು ಅಷ್ಟರೊಳಗೆ ಐದನೆಯ ತರಗತಿಗೆ ಬಂದಿತ್ತು. ಆ ಪಟ್ಟಿಯಲ್ಲಿ ಕೆಲವರು ಅಪ್ರಾಮಾಣಿಕರಿದ್ದರೆಂದೇ ಇಟ್ಟುಕೊಳ್ಳೋಣ. ಪ್ರಾಮಾಣಿಕರಾಗಿ ಓದಿ ಬರೆದವರಿಗೆ ಆ ಹನ್ನೊಂದು ವರ್ಷಗಳನ್ನು ಹಿಂದಿರುಗಿಸತಕ್ಕವರಾರು?

ಪೊಲೀಸ್ ಸಬ್‌ಇನ್‌ಸ್ಪೆಕ್ಟರುಗಳ 545 ಹುದ್ದೆಗಳ ಕಥೆ ಇದಕ್ಕಿಂತ ಹೊಸದು. 2021ನೆಯ ಅಕ್ಟೋಬರ್ 3ರಂದು ಸುಮಾರು 54 ಸಾವಿರ ಮಂದಿ ಪರೀಕ್ಷೆ ಬರೆದರು. 2022ರ ಜನವರಿಯಲ್ಲಿ ಪಟ್ಟಿ ಬಂದಿತು. ಒಡನೆಯೇ ಅಕ್ರಮಗಳು ಬೆಳಕಿಗೆ ಬಂದುವು. ಏಪ್ರಿಲಿನಲ್ಲಿ ಸರ್ಕಾರವು ಪರೀಕ್ಷೆಯನ್ನು ರದ್ದುಗೊಳಿಸಿತು. 2023ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ರದ್ದನ್ನು ಎತ್ತಿಹಿಡಿದ ಮೇಲೆ, 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಕಳ್ಳರನ್ನು ಹಿಡಿಯತಕ್ಕವರನ್ನು ಆರಿಸುವ ಪರೀಕ್ಷೆಯಲ್ಲಿಯೇ ಕಳ್ಳತನ ನಡೆದರೆ, ಗೃಹಸ್ಥನು ತನ್ನ ಮಕ್ಕಳಿಗೆ ಯಾವ ನೀತಿಯನ್ನು ಬೋಧಿಸಬೇಕು? ಮುಂದೆ 2023ರಲ್ಲಿ, ಪರೀಕ್ಷೆಯ ಅಕ್ರಮಗಳಿಗೆ ಹತ್ತು ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುವ ಕಾನೂನನ್ನು ವಿಧಾನಮಂಡಲ ಅಂಗೀಕರಿಸಿತು. ಅದು ಒಳ್ಳೆಯದೇ.

ಉಪಾಧ್ಯಾಯವೃತ್ತಿಯಿಂದ ಜೀವಿಸಿದ ನಮಗೆ ಮತ್ತೊಂದು ಪ್ರಸಂಗ ಇನ್ನೂ ಹತ್ತಿರದ್ದು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಲ್ಲಿ ಅಕ್ರಮದ ಪ್ರಶ್ನೆಯಲ್ಲ, ವಿಧಿಯ ಅಸ್ಪಷ್ಟತೆಯದು. ವಿವಾಹಿತ ಸ್ತ್ರೀಯು ತನ್ನ ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೇ, ಪತಿಯ ಹೆಸರಿನಲ್ಲಿ ಕೊಡಬೇಕೇ ಎಂಬುದು ವಿವಾದ. ಅರ್ಜಿ ಕರೆಯುವ ಮೊದಲೇ ಒಂದು ಸಾಲಿನಲ್ಲಿ ತೀರ್ಮಾನಿಸಬಹುದಾಗಿದ್ದ ಈ ಸಂಗತಿಯಿಂದ ಪಟ್ಟಿ ರದ್ದಾಗಿ, 2023ರ ಅಕ್ಟೋಬರಿನಲ್ಲಿ ವಿಭಾಗೀಯ ಪೀಠದ ಆದೇಶ ಹೊರಡುವವರೆಗೆ ಸಾವಿರಾರು ಮಂದಿ ಕಾದರು. ಅವರು ಕಾಯುತ್ತಿದ್ದಾಗ ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳೂ ಮೇಷ್ಟರಿಗಾಗಿ ಕಾಯುತ್ತಿದ್ದರೆಂಬುದನ್ನು ಮರೆಯಲಾಗದು.

ಇನ್ನು ಭಾಷೆಯ ವಿಷಯ. 384 ಗೆಜೆಟೆಡ್ ಪ್ರೊಬೇಷನರುಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ, ಪ್ರಶ್ನೆಗಳ ಕನ್ನಡ ಅನುವಾದದಲ್ಲಿ ಅಷ್ಟೊಂದು ತಪ್ಪುಗಳಿದ್ದುವಾಗಿ, ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಆಜ್ಞಾಪಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅಲ್ಲಿಯೂ ಅನುವಾದದ ತಪ್ಪುಗಳ ದೂರು ಎದ್ದಿತು. ಕನ್ನಡದ ನಾಡಿನಲ್ಲಿ, ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗನು, ಕನ್ನಡದ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷನ್ನು ನೋಡಬೇಕಾಗಿ ಬಂದರೆ, ಅದು ಅವನ ಸೋಲೆನಿಸಿಕೊಳ್ಳದು. ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಶ್ನಪತ್ರಿಕೆಗಳನ್ನು ಬರೆದವರು. ಪ್ರಶ್ನೆ ತಪ್ಪಿದರೆ ಉತ್ತರ ಸರಿಯಾಗಲಾರದೆಂಬುದು ನಮ್ಮ ವೃತ್ತಿಯ ಮೊದಲನೆಯ ಪಾಠ.

ಈ ಕಾಯುವಿಕೆಗೆ ಯಾವಾಗಲೂ ದುಷ್ಟತನವೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿ ಮಾಡಲು ರಾಜ್ಯಗಳಿಗೆ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್ 1ರಂದು ತೀರ್ಪಿತ್ತ ಮೇಲೆ, ಸರ್ಕಾರವು ಆ ಅಕ್ಟೋಬರಿನಲ್ಲಿ ಹೊಸ ನೇಮಕಾತಿಯ ಅಧಿಸೂಚನೆಗಳನ್ನು ತಡೆಹಿಡಿಯಿತು. ನ್ಯಾಯಮೂರ್ತಿ ನಾಗಮೋಹನದಾಸರ ಆಯೋಗದ ವರದಿ ಬಂದುದು 2025ರ ಆಗಸ್ಟಿನಲ್ಲಿ. ತಲೆಮಾರುಗಳಿಂದ ಹಿಂದೆ ಬಿದ್ದವರಿಗೆ ಅವರ ಪಾಲನ್ನು ಅಳೆದು ಕೊಡುವುದು ಧರ್ಮವೇ ಸರಿ. ಅದಕ್ಕೆ ಕಾಲ ಹಿಡಿಯುವುದೂ ಸಹಜ. ಆದರೆ ಉಮೇದುವಾರನ ವಯಸ್ಸು ಮಾತ್ರ ಯಾವ ವರದಿಗೂ ಕಾಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಧಾರವಾಡದಲ್ಲಿ ಉಮೇದುವಾರರು ಬೀದಿಗಿಳಿದು, ಖಾಲಿ ಹುದ್ದೆಗಳನ್ನು ತುಂಬಿರೆಂದೂ ವಯೋಮಿತಿಯನ್ನು ಸಡಿಲಿಸಿರೆಂದೂ ಕೇಳಿದುದು ಇದೇ ಸಂಕಟದಿಂದ. ಮೂರು ವರ್ಷಗಳ ಸಡಿಲಿಕೆಯೇನೋ ದೊರೆಯಿತು. ಆದರೆ ಸರ್ಕಾರದ ಇಲಾಖೆಗಳಲ್ಲಿ ಆಗ ಖಾಲಿಯಿದ್ದ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಮೇಲೆ. ಒಂದು ಕಡೆ ಖಾಲಿ ಕುರ್ಚಿ, ಇನ್ನೊಂದು ಕಡೆ ನಿಂತು ಸೋತ ಕಾಲುಗಳು. ನಡುವೆ ಕಾಗದದ ಘಟ್ಟ.

ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, 1891ರಲ್ಲಿ, ಸಿವಿಲ್ ಸರ್ವಿಸ್ ಸ್ಪರ್ಧಾಪರೀಕ್ಷೆ ಮೊದಲಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಪರೀಕ್ಷೆಯ ದಾರಿಯಿಂದಲೇ ಅಧಿಕಾರಕ್ಕೆ ಬಂದವರು. ಹುದ್ದೆಗಳು ಕೆಲವೇ ವರ್ಗದವರ ಪಾಲಾಗುತ್ತಿವೆಯೆಂಬ ದೂರು ಬಂದಾಗ, 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಸಮಿತಿ ಕುಳಿತು, ಹಿಂದುಳಿದವರಿಗೂ ಬಾಗಿಲು ತೆರೆಯಬೇಕೆಂದು ಸಲಹೆಯಿತ್ತಿತು. ಸ್ವಾತಂತ್ರ್ಯಾನಂತರ 1951ನೆಯ ಮೇ ತಿಂಗಳಲ್ಲಿ ಲೋಕಸೇವಾ ಆಯೋಗವು ಸ್ಥಾಪಿತವಾಯಿತು. ಇನ್ನೂ ಹಿಂದೆ ಹೋದರೆ, ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ವಿಧಿಸಿರುವನು. ಅವನು ಪರೀಕ್ಷೆಗೆ ಗುರಿಮಾಡಿದುದು ಹುದ್ದೆಗೆ ಬರುವವನನ್ನು. ಇಂದು ಪರೀಕ್ಷೆ ನಡೆಸುವವರಿಗೇ ಅರ್ಥೋಪಧೆಯನ್ನು ಒಡ್ಡಿ ನೋಡಬೇಕಾದ ಕಾಲ ಬಂದಿದೆ.

ನಮ್ಮ ನಾಡಿಗೆ ಮಾತ್ರ ಈ ಗತಿಯೆಂದು ತಿಳಿಯಬೇಕಾಗಿಲ್ಲ. ಭೂಮಿಯೊಳಗೆ ಎಣ್ಣೆಯ ಸಂಪತ್ತು ಹೇರಳವಾಗಿರುವ ಆಫ್ರಿಕಾದ ನೈಜೀರಿಯಾ ದೇಶದಲ್ಲಿ, 2014ನೆಯ ಮಾರ್ಚಿ 15ರಂದು, ವಲಸೆ ಇಲಾಖೆಯ ಕೆಲವು ಸಾವಿರ ಹುದ್ದೆಗಳಿಗಾಗಿ ಲಕ್ಷಾಂತರ ಯುವಕ ಯುವತಿಯರು ಶುಲ್ಕ ಕಟ್ಟಿ ಕ್ರೀಡಾಂಗಣಗಳಲ್ಲಿ ನೆರೆದರು. ನೂಕುನುಗ್ಗಲಾಗಿ, ಪರೀಕ್ಷೆ ಬರೆಯಲು ಹೋದವರಲ್ಲಿ ಹಲವರು ಶವಗಳಾಗಿ ಮನೆಗೆ ಬಂದರು. ಅವರಲ್ಲಿ ಗರ್ಭಿಣಿಯರೂ ಇದ್ದರು. ಸಂಪತ್ತಿದ್ದ ಮಾತ್ರಕ್ಕೆ ಉದ್ಯೋಗವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದರೆ ಒಂದು ಒಳ್ಳೆಯ ಮಾದರಿಯೂ ನಮ್ಮ ದೇಶದಲ್ಲಿಯೇ ಉಂಟು. ಕೇಂದ್ರ ಲೋಕಸೇವಾ ಆಯೋಗವು ಮುಂದಿನ ವರ್ಷದ ಪರೀಕ್ಷೆಗಳ ಪಂಚಾಂಗವನ್ನು ಮುಂಚಿತವಾಗಿಯೇ ಪ್ರಕಟಿಸುವುದು. ಸಿವಿಲ್ ಸರ್ವಿಸ್ ಪರೀಕ್ಷೆಯ ಅಧಿಸೂಚನೆಯಿಂದ ಅಂತಿಮ ಪಟ್ಟಿಯವರೆಗೆ ಸಾಮಾನ್ಯವಾಗಿ ಒಂದೂಕಾಲು ವರ್ಷ ಹಿಡಿಯುವುದು. ಸೋತವನಿಗೂ ತಾನು ಯಾವ ದಿನ ಸೋತೆನೆಂದು ತಿಳಿಯುವುದು. ಸೋಲಿಗಿಂತ ಹೆಚ್ಚಾಗಿ ಮನುಷ್ಯನನ್ನು ಕೊರೆಯುವುದು ಅನಿಶ್ಚಯ.

ಈಗ ಗೃಹಸ್ಥರಾದ ವಾಚಕರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡುವೆವು. ಕಾಯುವವನು ಮಗನಾದರೂ ಕಾಯುವುದು ಇಡೀ ಮನೆ. ಅವನ ಮದುವೆ ನಿಲ್ಲುವುದು. ತಂಗಿಯ ಓದಿಗೆ ಇಟ್ಟ ಹಣ ಅವನ ತರಬೇತಿಗೆ ಹೋಗುವುದು. ನೆಂಟರ ಮನೆಯ ಶುಭಕಾರ್ಯಕ್ಕೆ ಹೋಗಲು ಅವನಿಗೆ ನಾಚಿಕೆ. "ಏನಾಯಿತು?" ಎಂದು ಪ್ರೀತಿಯಿಂದ ಕೇಳುವವರ ಪ್ರಶ್ನೆಯೇ ಅವನಿಗೆ ಮುಳ್ಳು. ಆದಕಾರಣ ಮೊದಲನೆಯದಾಗಿ, ದಿನವೂ ಕೇಳಬೇಡಿರಿ. ಎರಡನೆಯದಾಗಿ, ಪ್ರಯತ್ನಕ್ಕೆ ಒಂದು ಅವಧಿಯನ್ನು ಮನೆಯವರೆಲ್ಲರೂ ಕೂಡಿ ಮೊದಲೇ ಗೊತ್ತುಮಾಡಿಕೊಳ್ಳಿರಿ. ಸರ್ಕಾರದ ಪಂಚಾಂಗವಿಲ್ಲದಿದ್ದರೆ ಮನೆಯ ಪಂಚಾಂಗವಾದರೂ ಇರಲಿ. ಮೂರನೆಯದಾಗಿ, ಓದುವವನು ದಿನದಲ್ಲಿ ಕೆಲವು ಗಂಟೆಯಾದರೂ ಸಂಪಾದನೆಯ ಕೆಲಸವನ್ನು ಮಾಡಲಿ. ಅದರಿಂದ ಓದು ಕೆಡುವುದಿಲ್ಲ, ಮನಸ್ಸು ನಿಲ್ಲುವುದು. ನಾಲ್ಕನೆಯದಾಗಿ, ಹುದ್ದೆ ಕೊಡಿಸುವೆನೆಂದು ಬರುವ ಮಧ್ಯಸ್ಥನಿಗೆ ಬಿಡಿಗಾಸನ್ನೂ ಕೊಡಬೇಡಿರಿ. ಗದ್ದೆ ಮಾರಿ ಲಂಚ ಕೊಟ್ಟವನು, ನಿಮ್ಮ ಪಕ್ಕದ ಮನೆಯ ಬಡವಿಯ ಮಗನ ಕುರ್ಚಿಯನ್ನು ಕದ್ದಂತೆಯೇ ಸರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಪಟ್ಟಿ ತಡವಾದರೆ ಗಂಡುಮಗನಿಗೆ "ಇನ್ನೊಂದು ವರ್ಷ ನೋಡು" ಎನ್ನುವ ಮನೆಯೇ ಮಗಳಿಗೆ "ಸಾಕು, ವರ ನೋಡೋಣ" ಎನ್ನುವುದು. ತಡದ ಭಾರ ಅವಳ ಮೇಲೆ ಮೊದಲು ಬೀಳುವುದು. ಅವಧಿಯನ್ನು ಗೊತ್ತುಮಾಡುವಾಗ ಇಬ್ಬರಿಗೂ ಒಂದೇ ಅಳತೆ ಇರಲಿ.

ಸಲಹೆ ಕೊಡುವ ಹಿರಿಯರಿಗೂ, ಮುಖ್ಯವಾಗಿ ನಮ್ಮಂತಹ ಮೇಷ್ಟರುಗಳಿಗೂ, ಒಂದು ವಿಧಿ ಬೇಕು. ನಾವು ಶಿಷ್ಯನಿಗೆ ಹೇಳಿದುದು ನಮ್ಮ ಯೌವನದ ಲೆಕ್ಕ. ನಮಗೆ ಅರ್ಜಿ ಹಾಕಿದ ವರ್ಷವೇ ಕೆಲಸ ದೊರೆತಿತ್ತು. ಕಾಲ ಬದಲಾದುದನ್ನು ವಿಚಾರಿಸದೆ ಬುದ್ಧಿ ಹೇಳಿದೆವು. ಮಳೆಯಲ್ಲಿ ಆ ಕಲ್ಲಿನ ಬಳಿ ನಿಂತು ಇದನ್ನು ಅವನ ಮುಂದೆ ಒಪ್ಪಿಕೊಂಡೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದು ನೀವು ಬೇಡವೆಂದಿದ್ದರೆ ನಿಮ್ಮ ಮೇಲೆ ಕೋಪಿಸಿಕೊಳ್ಳುತ್ತಿದ್ದೆ, ಮೇಷ್ಟ್ರೇ," ಎಂದನು. ಅದು ನಮ್ಮನ್ನು ಸಮಾಧಾನಪಡಿಸಲು ಹೇಳಿದ ಮಾತೋ ನಿಜವೋ ನಮಗೆ ತಿಳಿಯಲಿಲ್ಲ.

ಅಂದು ಅವನ ಮನೆಗೆ ಹೋಗಿ, ತಂದೆತಾಯಿಗಳೊಡನೆ ಕುಳಿತು ಮಾತನಾಡಿದೆವು. ಇನ್ನು ಎರಡು ಪರೀಕ್ಷೆಗಳು, ಮುಂದಿನ ಯುಗಾದಿಯ ಆಚೆಗೆ ಇಲ್ಲ ಎಂದು ಅವನೇ ಗೊತ್ತುಮಾಡಿದನು. ಅದುವರೆಗೆ ಬೆಳಗ್ಗೆ ಓದು, ಮಧ್ಯಾಹ್ನದ ಮೇಲೆ ನೆರೆಯ ಬೆಳೆಗಾರರ ಕಾಫಿ, ಮೆಣಸುಗಳ ಲೆಕ್ಕ ಬರೆಯುವುದು; ಸಂಜೆ ಊರಿನ ಹತ್ತು ಮಕ್ಕಳಿಗೆ ಪಾಠ. ಪಾಠದ ವ್ಯಾಕರಣಕ್ಕೆ ವಾರಕ್ಕೊಮ್ಮೆ ಬರುವೆವೆಂದು ನಾವು ಒಪ್ಪಿಕೊಂಡಿದ್ದೇವೆ. ತಾಯಿ ಕಾಫಿ ತಂದಿಟ್ಟು, "ಪಟ್ಟಿ ಬಂತೇ ಎಂದು ನಾನು ಇನ್ನು ಕೇಳುವುದಿಲ್ಲ," ಎಂದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ನಾವು ಕೊಡೆ ಬಿಚ್ಚಿ ವಣಗೂರಿನ ಬಸ್ಸಿಗೆ ಹೊರಟೆವು.