ಶಕ್ತಿಯ ಜಮಾಖರ್ಚು ಮತ್ತು ಮೈಯ ತೂಕ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟಗಳನ್ನೂ ಮಲೆಗಳನ್ನೂ ನೆನೆಯುವವರು ಕಡೂರು ತಾಲ್ಲೂಕಿನ ಯಗಟಿಗೆ ಬಂದರೆ ಬೇರೊಂದು ಸೀಮೆಯನ್ನೇ ಕಾಣುವರು. ಇದು ಬಯಲುನಾಡು. ಮಳೆ ಕಡಿಮೆ, ಹೊಲದಲ್ಲಿ ರಾಗಿ, ತೋಟದಲ್ಲಿ ತೆಂಗು, ಊಟಕ್ಕೆ ಮುದ್ದೆ. ಇಂತಹ ಸೀಮೆಯ ಮನೆಯೊಂದರಲ್ಲಿ ಈ ಪ್ರಶ್ನೆ ಏಳುವುದು ಸಹಜ: ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದ ಅಜ್ಜನವರ ಮೈಯಲ್ಲಿ ಕೊಬ್ಬೆಂಬುದೇ ಇರಲಿಲ್ಲ, ಅದೇ ಮುದ್ದೆಯನ್ನು ಉಣ್ಣುವ ಮೊಮ್ಮಗನಿಗೆ ಮೂವತ್ತರ ಪ್ರಾಯಕ್ಕೇ ಹೊಟ್ಟೆ ಬಂದಿದೆ. ಇದಕ್ಕೆ ಕಾರಣವೇನು?

ಕೆಲವರು ಹೊಸ ತಳಿಯ ಬೀಜವನ್ನು ದೂರುವರು. ಕೆಲವರು ಅನ್ನವನ್ನು ಹಳಿಯುವರು. ಅನ್ನ ಬಿಟ್ಟು ರಾಗಿಯನ್ನೇ ಉಂಡರೆ ಮೈ ತಾನಾಗಿ ಇಳಿಯುವುದೆಂದು ಮತ್ತೆ ಕೆಲವರು ಉಪದೇಶಿಸುವರು. ಈ ಪ್ರಶ್ನೆಯನ್ನು ನಾವು ಭೌತವಿಜ್ಞಾನದ ಒಂದು ನಿಯಮದ ಬೆಳಕಿನಲ್ಲಿ ಪರಿಶೀಲಿಸೋಣ. ಅದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಶಕ್ತಿ ಸಂರಕ್ಷಣೆಯ ನಿಯಮ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡಿಸಬಹುದು, ಅಷ್ಟೆ.

ದೇಹವೂ ಈ ನಿಯಮಕ್ಕೆ ಅಧೀನವೇ?

ಜೀವಂತ ದೇಹಕ್ಕೂ ಈ ನಿಯಮ ಅನ್ವಯಿಸುವುದೇ ಎಂಬ ಸಂದೇಹ ಹಿಂದೆ ಇದ್ದಿತು. 1782-83ರ ಚಳಿಗಾಲದಲ್ಲಿ ಪ್ಯಾರಿಸಿನಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಗಿನಿ ಹಂದಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಇರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜುಗಡ್ಡೆ ಕರಗಿತೆಂಬುದನ್ನೂ, ಅದು ಉಸಿರಿನಲ್ಲಿ ಎಷ್ಟು ಇಂಗಾಲಾಮ್ಲವಾಯುವನ್ನು ಹೊರಬಿಟ್ಟಿತೆಂಬುದನ್ನೂ ಅಳೆದರು. ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೇ ಎಂಬುದು ಅವರು ತಳೆದ ನಿರ್ಣಯ. ಒಲೆಯಲ್ಲಿ ಸೌದೆ ಉರಿಯುವುದಕ್ಕೂ ಮೈಯಲ್ಲಿ ಆಹಾರ ಶಕ್ತಿಯಾಗುವುದಕ್ಕೂ ಮೂಲದಲ್ಲಿ ಭೇದವಿಲ್ಲ. ಎರಡಕ್ಕೂ ಆಮ್ಲಜನಕ ಬೇಕು, ಎರಡರಿಂದಲೂ ಶಾಖ ಹುಟ್ಟುತ್ತದೆ.

ಮುಂದೆ 1890ರ ದಶಕದಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ಮನುಷ್ಯನೇ ದಿನಗಟ್ಟಲೆ ವಾಸಮಾಡಬಹುದಾದ ಉಷ್ಣಮಾಪಕ ಕೋಣೆಯೊಂದನ್ನು ತನ್ನ ಸಹೋದ್ಯೋಗಿಗಳೊಡನೆ ನಿರ್ಮಿಸಿದನು. ಉಂಡ ಆಹಾರದ ಶಕ್ತಿ ಒಂದು ಕಡೆ, ದೇಹದಿಂದ ಹೊರಬಿದ್ದ ಶಾಖ ಮತ್ತು ಮಾಡಿದ ಕೆಲಸ ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಿದಾಗ ಲೆಕ್ಕ ಸರಿಹೊಂದಿತು. ಪಿಷ್ಟದ ಒಂದು ಗ್ರಾಮಿಗೆ 4, ಸಸಾರಜನಕದ ಒಂದು ಗ್ರಾಮಿಗೆ 4, ಜಿಡ್ಡಿನ ಒಂದು ಗ್ರಾಮಿಗೆ 9 ಕ್ಯಾಲೊರಿ ಎಂದು ನಾವು ಇಂದಿಗೂ ಬಳಸುವ ಸಂಖ್ಯೆಗಳು ಅವನ ಕಾಲದಿಂದ ಬಂದವು.

ಆಹಾರಶಾಸ್ತ್ರದಲ್ಲಿ ಕ್ಯಾಲೊರಿ ಎಂದರೆ ಭೌತವಿಜ್ಞಾನದ ಕಿಲೊಕ್ಯಾಲೊರಿ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾಗುವ ಶಾಖವೇ ಅದು. ಸುಮಾರು 4,184 ಜೌಲುಗಳಿಗೆ ಸಮ. ಈ ಲೇಖನದಲ್ಲಿ ಕ್ಯಾಲೊರಿ ಎಂದಲ್ಲೆಲ್ಲ ಇದನ್ನೇ ಗ್ರಹಿಸಬೇಕು.

ಅಜ್ಜನ ಖರ್ಚು, ಮೊಮ್ಮಗನ ಖರ್ಚು

ಸುಮ್ಮನೆ ಮಲಗಿದ್ದಾಗಲೂ ದೇಹಕ್ಕೆ ಖರ್ಚು ತಪ್ಪದು. ಹೃದಯ ಬಡಿಯಬೇಕು, ಮಿದುಳು ಎಚ್ಚರವಾಗಿರಬೇಕು, ಮೈಯ ಬಿಸಿ ಆರದಿರಬೇಕು. ವಯಸ್ಕರೊಬ್ಬರಿಗೆ ಈ ಮೂಲವೆಚ್ಚವೇ ದಿನಕ್ಕೆ ಸುಮಾರು 1,400 ಕ್ಯಾಲೊರಿ ಎಂದು ಇಟ್ಟುಕೊಳ್ಳೋಣ. ಇದನ್ನು ಜೌಲುಗಳಿಗೆ ತಿರುಗಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 68 ವಾಟ್ ಬರುತ್ತದೆ. ಅಂದರೆ ನಾವೊಬ್ಬೊಬ್ಬರೂ ಹಳೆಯ ಕಾಲದ 60 ವಾಟಿನ ವಿದ್ಯುದ್ದೀಪಕ್ಕಿಂತ ತುಸು ಹೆಚ್ಚಿನ ಶಕ್ತಿಯನ್ನು ಹಗಲಿರುಳೂ ವ್ಯಯಿಸುತ್ತಿರುತ್ತೇವೆ.

ಈ ಮೂಲವೆಚ್ಚದ ಮೇಲೆ ದುಡಿಮೆಯ ವೆಚ್ಚ ಕೂಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 65 ಕಿಲೊಗ್ರಾಂ ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ ಅವನಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಕಷ್ಟದ ಮೈಕೆಲಸ ಮಾಡುವವನಾದರೆ 3,470 ಬೇಕು. 55 ಕಿಲೊಗ್ರಾಂ ತೂಕದ ಹೆಂಗಸಿಗೆ ಈ ಸಂಖ್ಯೆಗಳು ಕ್ರಮವಾಗಿ 1,660 ಮತ್ತು 2,720.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಅಡಗಿದೆ. ಗಂಡಸಿನ ಎರಡು ಸಂಖ್ಯೆಗಳ ಅಂತರ 1,360. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇರುವುದರಿಂದ, ಈ ಅಂತರ 425 ಗ್ರಾಂ ರಾಗಿಹಿಟ್ಟಿಗೆ ಸಮ. ಎತ್ತುಗಳ ಹಿಂದೆ ನೇಗಿಲು ಹಿಡಿದು ನಡೆದ, ಬಾವಿಯಿಂದ ನೀರು ಸೇದಿದ, ಸಂತೆಗೆ ಹೊರೆ ಹೊತ್ತು ಹೋದ ಅಜ್ಜ ಈ ಹಿಟ್ಟನ್ನು ಸಂಜೆಯೊಳಗೆ ಖರ್ಚು ಮಾಡಿಬಿಡುತ್ತಿದ್ದರು. ಈಗ ಉಳುವುದು ಟ್ರ್ಯಾಕ್ಟರು, ನೀರೆತ್ತುವುದು ಪಂಪು, ಸಂತೆಗೆ ಒಯ್ಯುವುದು ಮೋಟಾರು ಬೈಕು. ಖರ್ಚು ಇಳಿಯಿತು, ತಟ್ಟೆ ಮಾತ್ರ ಹಳೆಯ ಅಳತೆಯಲ್ಲಿಯೇ ಉಳಿಯಿತು. ಮಿಕ್ಕ ಶಕ್ತಿ ಮಾಯವಾಗುವಂತಿಲ್ಲ. ಅದು ಕೊಬ್ಬಾಗಿ ಜಮೆಯಾಗುತ್ತದೆ.

ಇನ್ನು ರಾಗಿಯ ಮಹಿಮೆಯ ಮಾತು. ಅಕ್ಕಿಯ ನೂರು ಗ್ರಾಮಿನಲ್ಲಿ ಸುಮಾರು 356 ಕ್ಯಾಲೊರಿ. ರಾಗಿಗೂ ಅದಕ್ಕೂ ಅಂತರ ಹೆಚ್ಚೇನಿಲ್ಲ. ಆದುದರಿಂದ ರಾಗಿ ಕೊಬ್ಬನ್ನು ಕರಗಿಸುವ ಔಷಧವಲ್ಲ. ಆದರೆ ಅದರ ನೂರು ಗ್ರಾಮಿನಲ್ಲಿ ಸುಮಾರು 11 ಗ್ರಾಂ ನಾರೂ 360 ಮಿಲಿಗ್ರಾಮಿಗೆ ಮೇಲ್ಪಟ್ಟು ಸುಣ್ಣದ ಅಂಶವೂ ಉಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ, ಸುಣ್ಣ 10 ಮಿಲಿಗ್ರಾಮೂ ಇಲ್ಲ. ನಾರು ಹೊಟ್ಟೆ ತುಂಬಿದ ತೃಪ್ತಿಯನ್ನು ಕೊಡುವುದಾದುದರಿಂದ ಕಡಿಮೆಯಲ್ಲಿ ಊಟ ಮುಗಿಸಲು ರಾಗಿ ನೆರವಾಗಬಲ್ಲದು. ಅಳತೆ ತಪ್ಪಿದರೆ ಅದೂ ಕೊಬ್ಬೇ ಆಗುವುದು.

ಬೆಟ್ಟ ಹತ್ತಿದರೆ ಕರಗುವುದೆಷ್ಟು?

‘ಉಣ್ಣುವಷ್ಟು ಉಂಡು ವ್ಯಾಯಾಮದಿಂದ ಕರಗಿಸಿದರಾಯಿತು’ ಎನ್ನುವವರಿದ್ದಾರೆ. ಇದನ್ನೂ ಲೆಕ್ಕ ಹಾಕಿ ನೋಡೋಣ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ಪಟ್ಟಣದ್ದು ಸುಮಾರು 1,090 ಮೀಟರ್. 60 ಕಿಲೊಗ್ರಾಂ ತೂಕದ ತರುಣನೊಬ್ಬ ಪಟ್ಟಣದಿಂದ ಶಿಖರಕ್ಕೆ ನಡೆದೇ ಹೋದನೆನ್ನಿ. ಅವನು ಗುರುತ್ವಕ್ಕೆ ಎದುರಾಗಿ ಮಾಡಿದ ಕೆಲಸ 60 × 9.8 × 840, ಅಂದರೆ ಸುಮಾರು 4,94,000 ಜೌಲುಗಳು. ಕ್ಯಾಲೊರಿಯಲ್ಲಿ ಹೇಳುವುದಾದರೆ ಕೇವಲ 118! ನಮ್ಮ ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಪರಿವರ್ತಿಸಬಲ್ಲವು, ಮಿಕ್ಕುದು ಶಾಖ. ಆದುದರಿಂದ ದೇಹದ ನಿಜವಾದ ವೆಚ್ಚ ಸುಮಾರು 470 ಕ್ಯಾಲೊರಿ. ಇಷ್ಟನ್ನು ತುಂಬಿಕೊಡಲು 150 ಗ್ರಾಂ ರಾಗಿಹಿಟ್ಟು ಸಾಕು.

ಮೈಯಲ್ಲಿ ಶೇಖರವಾದ ಒಂದು ಕಿಲೊಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇದೆ. ಏರಿದ ಎತ್ತರವೊಂದನ್ನೇ ಎಣಿಸಿದರೆ, ಅದನ್ನು ಕರಗಿಸಲು ಹದಿನಾರು ಬಾರಿ ಮುಳ್ಳಯ್ಯನಗಿರಿಯನ್ನು ಏರಬೇಕು. ಸಮತಟ್ಟಿನ ನಡಿಗೆಯ ಖರ್ಚನ್ನು ಬೇರೆಯಾಗಿ ಸೇರಿಸಿದರೂ ಹಲವು ಸಲ ಏರಲೇಬೇಕು. ವ್ಯಾಯಾಮ ವ್ಯರ್ಥವೆಂದು ಇದರ ಅರ್ಥವಲ್ಲ. ಹೃದಯಕ್ಕೂ ಸ್ನಾಯುಗಳಿಗೂ ಅದು ಅತ್ಯವಶ್ಯ. ಇಳಿದ ತೂಕವನ್ನು ಉಳಿಸಿಕೊಳ್ಳಲೂ ಅದು ಬಹು ಸಹಾಯಕ. ಆದರೆ ಊಟದ ಅಳತೆಯನ್ನು ಮುಟ್ಟದೆ ವ್ಯಾಯಾಮದಿಂದಲೇ ತೂಕ ಇಳಿಸುವುದು ಬಹು ದುಸ್ತರ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಬೆವರಾಗಿ ಹರಿಯುತ್ತದೆಂದು ಹಲವರು ನಂಬಿರುವರು. ಈ ಪ್ರಶ್ನೆಯನ್ನು ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬುವರು 2014ರಲ್ಲಿ ಲೆಕ್ಕ ಹಾಕಿ ಬಿಡಿಸಿದರು. 10 ಕಿಲೊಗ್ರಾಂ ಕೊಬ್ಬು ಪೂರ್ತಿಯಾಗಿ ದಹಿಸಲು 29 ಕಿಲೊಗ್ರಾಂ ಆಮ್ಲಜನಕ ಬೇಕು. ಅದರಿಂದ 28 ಕಿಲೊಗ್ರಾಂ ಇಂಗಾಲಾಮ್ಲವಾಯುವೂ 11 ಕಿಲೊಗ್ರಾಂ ನೀರೂ ಹುಟ್ಟುತ್ತವೆ. ಎರಡು ಕಡೆಯೂ 39 ಆಗುವುದನ್ನು ಗಮನಿಸಿರಿ. ಆ 10 ಕಿಲೊಗ್ರಾಮಿನಲ್ಲಿ 8.4 ಕಿಲೊಗ್ರಾಂ ಉಸಿರಿನ ಮೂಲಕವೇ ಗಾಳಿಗೆ ಸೇರುತ್ತದೆ, ಮಿಕ್ಕ 1.6 ಕಿಲೊಗ್ರಾಂ ನೀರಾಗಿ ಹೋಗುತ್ತದೆ. ಆದುದರಿಂದ ದಪ್ಪ ಬಟ್ಟೆ ಸುತ್ತಿಕೊಂಡು ಬೆವರಿ ತೂಕ ಇಳಿಸಿದೆನೆನ್ನುವವನು ಕಳೆದುಕೊಂಡಿರುವುದು ನೀರನ್ನು ಮಾತ್ರ. ಎರಡು ಚೆಂಬು ನೀರು ಕುಡಿದೊಡನೆ ಆ ತೂಕ ಮರಳಿ ಬರುವುದು.

ಉಪವಾಸ ಏಕೆ ಸಲ್ಲದು?

ಜಮೆ ಕಡಿಮೆ ಮಾಡಬೇಕಾದರೆ ಊಟವನ್ನೇ ಬಿಟ್ಟರಾಗದೇ ಎಂದು ತರುಣರು, ವಿಶೇಷವಾಗಿ ತರುಣಿಯರು, ಯೋಚಿಸುವುದುಂಟು. ಇಲ್ಲಿ ಬಹಳ ಎಚ್ಚರಿಕೆ ಬೇಕು. ಮೊದಲನೆಯ ವಾರದಲ್ಲಿ ತೂಕ ಸರ್ರನೆ ಇಳಿಯುತ್ತದೆ, ನಿಜ. ಆದರೆ ಅದರಲ್ಲಿ ಬಹುಭಾಗ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟಿದ್ದ ಪಿಷ್ಟ ಮತ್ತು ಅದರೊಡನಿದ್ದ ನೀರು. ಆಮೇಲೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗತೊಡಗುತ್ತದೆ. ಅಷ್ಟೇ ಅಲ್ಲ, ಆದಾಯ ಕಡಿಮೆಯಾದುದನ್ನು ಕಂಡ ದೇಹ ಜಾಣ ಗೃಹಿಣಿಯಂತೆ ತನ್ನ ಖರ್ಚನ್ನೂ ಬಿಗಿಹಿಡಿಯುತ್ತದೆ.

ಈ ಬಿಗಿಹಿಡಿತವನ್ನು ನಮ್ಮ ನಾಡಿನಲ್ಲಿಯೇ ಅಳೆದು ನೋಡಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಿ. ಎಸ್. ಶೆಟ್ಟಿಯವರು, ಬಹುಕಾಲ ಅರೆಹೊಟ್ಟೆಯಲ್ಲಿರುವವರ ಮೂಲವೆಚ್ಚ ಚೆನ್ನಾಗಿ ಉಣ್ಣುವವರದಕ್ಕಿಂತ ಕಡಿಮೆಯೆಂಬುದನ್ನು 1984ರಲ್ಲಿ ಪ್ರಕಟಿಸಿದರು. ಅರೆಹೊಟ್ಟೆಯವನಿಗೆ ಇದು ಬದುಕುಳಿಯುವ ಉಪಾಯ. ಆತುರದಿಂದ ತೂಕ ಇಳಿಸಹೊರಟವನಿಗೆ ಇದೇ ತೊಡಕು: ಉಪವಾಸ ಬಿಟ್ಟು ಹಳೆಯ ಊಟಕ್ಕೆ ಮರಳಿದಾಗ ಖರ್ಚು ಮೊದಲಿಗಿಂತ ಕಡಿಮೆಯಾಗಿರುತ್ತದೆ, ತೂಕ ಬೇಗನೆ ಹಿಂದಿರುಗುತ್ತದೆ.

ಯಾರು ಇಳಿಸಬೇಕೆಂಬುದನ್ನೂ ವಿಚಾರಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ ಸುಮಾರು 30 ಮಂದಿಗೆ ತೂಕ ಹೆಚ್ಚು. ಸುಮಾರು 17 ಮಂದಿಗೆ ತೂಕ ಸಾಲದು. ಒಂದೇ ಬೀದಿಯಲ್ಲಿ ಎರಡು ತೊಂದರೆಗಳೂ ಇವೆ. ವಯಸ್ಕರು ಕಿಲೊಗ್ರಾಮಿನಲ್ಲಿರುವ ತಮ್ಮ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ನೋಡಿಕೊಳ್ಳಬಹುದು. ಉತ್ತರ 18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು. ಭಾರತೀಯರಿಗೆ 23ನ್ನು ಮೀರಿದರೆ ಹೆಚ್ಚು. 1.60 ಮೀಟರ್ ಎತ್ತರದವರಿಗೆ ಈ ಮಿತಿ ಸುಮಾರು 59 ಕಿಲೊಗ್ರಾಂ. ಹದಿನೆಂಟು ತುಂಬದ ಬಾಲಕ ಬಾಲಕಿಯರಿಗೆ ಈ ಅಳತೆಗೋಲು ಸಲ್ಲದು. ಅವರ ದೇಹ ಇನ್ನೂ ಬೆಳೆಯುತ್ತಿರುವುದರಿಂದ ವೈದ್ಯರನ್ನು ಕೇಳದೆ ಊಟವನ್ನು ಕಡಿತಮಾಡಕೂಡದು.

ತಟ್ಟೆಯಲ್ಲಿ ಮಾಡಬೇಕಾದುದು

ಇಳಿಸಬೇಕಾದವರು ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆಮಾಡಿದರೆ ವಾರಕ್ಕೆ 3,500, ಅಂದರೆ ಸುಮಾರು ಅರ್ಧ ಕಿಲೊಗ್ರಾಂ ಇಳಿಯಬೇಕು. ದೇಹ ಹಗುರಾದಂತೆ ಅದರ ಖರ್ಚೂ ತಗ್ಗುವುದರಿಂದ ಕೆಲವು ತಿಂಗಳುಗಳಲ್ಲಿ ಈ ವೇಗ ಕುಂದುವುದು. ಅದಕ್ಕಾಗಿ ಎದೆಗುಂದಬೇಕಾಗಿಲ್ಲ.

ಈ 500ನ್ನು ಎಲ್ಲಿ ಹುಡುಕುವುದು? ಜಿಡ್ಡಿನಲ್ಲಿ ಗ್ರಾಮಿಗೆ 9 ಕ್ಯಾಲೊರಿ ಇರುವುದರಿಂದ ಮೊದಲು ಅಲ್ಲಿಯೇ ನೋಡಬೇಕು. ದಿನದ ಅಡುಗೆಯಲ್ಲಿ ತಲೆಗೆ 20 ಗ್ರಾಂ ಎಣ್ಣೆ ತಗ್ಗಿದರೆ 180 ಉಳಿಯಿತು. ಎರಡು ಚಮಚ ಸಕ್ಕರೆ ಹಾಕಿದ ಕಾಫಿಯನ್ನು ದಿನಕ್ಕೆ ನಾಲ್ಕು ಸಲ ಕುಡಿಯುವವರು ಸಕ್ಕರೆ ಬಿಟ್ಟರೆ 160 ಉಳಿಯಿತು. ಮುದ್ದೆಯಲ್ಲಿ 50 ಗ್ರಾಂ ಹಿಟ್ಟು ಕಡಿಮೆಯಾದರೆ ಇನ್ನೊಂದು 160. ಮೂರೂ ಸೇರಿ ಸರಿಯಾಗಿ 500. ತೆಂಗಿನ ಸೀಮೆಯವರು ಹಸಿಕಾಯಿಯ ನೂರು ಗ್ರಾಮಿನಲ್ಲಿ 400ಕ್ಕೂ ಮಿಕ್ಕ ಕ್ಯಾಲೊರಿ ಇರುವುದನ್ನು ನೆನಪಿಡಬೇಕು. ಕಾಯಿಯನ್ನು ಬಿಡಬೇಕಾಗಿಲ್ಲ, ಅಳೆದು ಹಾಕಿದರೆ ಸಾಕು.

ತೆರವಾದ ಜಾಗವನ್ನು ಬರಿದಾಗಿ ಬಿಡಬಾರದು. ಸೊಪ್ಪು ತರಕಾರಿಗಳಲ್ಲಿ ನೀರೂ ನಾರೂ ಹೆಚ್ಚು. ತಟ್ಟೆಯ ಅರ್ಧವನ್ನು ಅವು ತುಂಬಿದರೂ ಕ್ಯಾಲೊರಿ ಅಲ್ಪ. ಹುರುಳಿ, ಅವರೆ, ಹೆಸರು ಮುಂತಾದ ಕಾಳುಗಳ ಸಸಾರಜನಕ ಸ್ನಾಯು ಕರಗದಂತೆ ಕಾಪಾಡಲು ನೆರವಾಗುವುದು, ಹಸಿವನ್ನೂ ತಡೆಯುವುದು. ಸಣ್ಣ ಮುದ್ದೆ, ಗಟ್ಟಿಯಾದ ಹುರುಳಿ ಸಾರು, ಒಂದು ದೊಡ್ಡ ಪಾಲು ಸೊಪ್ಪಿನ ಪಲ್ಯ, ಒಂದು ಲೋಟ ನೀರುಮಜ್ಜಿಗೆ: ಇದಕ್ಕೆ ಪೇಟೆಯ ಯಾವ ಪುಡಿಯೂ ಬೇಕಿಲ್ಲ.

ಕೊನೆಯದಾಗಿ ತೂಗುವ ಕ್ರಮ. ಮೈಯ ನೀರಿನ ಏರಿಳಿತದಿಂದಲೇ ದಿನದಿಂದ ದಿನಕ್ಕೆ ಒಂದು ಕಿಲೊಗ್ರಾಮಿನವರೆಗೆ ವ್ಯತ್ಯಾಸ ತೋರಬಹುದು. ವಾರವೊಂದರಲ್ಲಿ ಕರಗುವ ಕೊಬ್ಬು ಅದರ ಅರ್ಧದಷ್ಟು ಮಾತ್ರ. ಆದುದರಿಂದ ಒಂದು ದಿನದ ಅಂಕಿಯನ್ನು ಕಂಡು ಹಿಗ್ಗುವುದೂ ಕುಗ್ಗುವುದೂ ಸಲ್ಲದು. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬದೆ ಹಲವು ಅಳತೆಗಳ ಸರಾಸರಿಯನ್ನು ತೆಗೆಯುವಂತೆ, ಬೆಳಗ್ಗೆ ಎದ್ದೊಡನೆ ಒಂದೇ ತಕ್ಕಡಿಯಲ್ಲಿ ತೂಗಿ ಪ್ರತಿದಿನವೂ ಬರೆದಿಡಿರಿ. ವಾರದ ಸರಾಸರಿಯನ್ನು ಹಿಂದಿನ ವಾರಗಳ ಸರಾಸರಿಯೊಡನೆ ಹೋಲಿಸಿರಿ. ನಾಲ್ಕು ವಾರಗಳ ಬಳಿಕ ಗೆರೆ ಕೆಳಮುಖವಾಗಿದ್ದರೆ ಮನೆಯ ಜಮಾಖರ್ಚು ಸರಿಯಾಗಿದೆಯೆಂದು ತಿಳಿಯಬಹುದು. ಇಲ್ಲವಾದರೆ ಎಣ್ಣೆಯ ಚಮಚವನ್ನೂ ಮುದ್ದೆಯ ಗಾತ್ರವನ್ನೂ ಇನ್ನೊಮ್ಮೆ ಅಳೆಯಬೇಕು.